ಧರ್ಮಸಭೆ: ಕ್ರಿಸ್ತನ ಸಜೀವ ಸಂಸ್ಕಾರ

(ಧರ್ಮಕೇಂದ್ರದ ಶತಮಾನೋತ್ಸವದ ಅಂಗವಾಗಿ ನಡೆದ ಮೂರು ದಿನಗಳ ಧ್ಯಾನಕೂಟದ ಕೊನೆಯ ಸಂಜೆ ಧರ್ಮಕೇಂದ್ರದ ಗುರುಗಳು ಮಾಡಿದ ಉಪನ್ಯಾಸ)



ಶತಮಾನೋತ್ಸವ ಎಂಬ ಮಾತು ಕೆಲವು ತಿಂಗಳುಗಳಿಂದ ನಮ್ಮೆಲ್ಲರ ಬಾಯಲ್ಲಿದೆ. ಗೋಪುರಕ್ಕೆ ಬಣ್ಣ ಬಳಿದಿದ್ದೇವೆ. ಗಂಟೆಯ ಹಗ್ಗ ಬದಲಿಸಿದ್ದೇವೆ. ತೇರಿನ ಗಾಲಿಗಳನ್ನು ದುರಸ್ತಿ ಮಾಡಿಸಿದ್ದೇವೆ. ಇವೆಲ್ಲ ಆಗಬೇಕಾದ ಕೆಲಸಗಳೇ. ಆದರೆ ನೂರು ವರ್ಷ ತುಂಬಿದ್ದು ಯಾವುದಕ್ಕೆ ಎಂಬ ಪ್ರಶ್ನೆಯನ್ನು ಒಮ್ಮೆಯಾದರೂ ಕೇಳಿಕೊಳ್ಳದೆ ಉತ್ಸವವನ್ನು ಮುಗಿಸಿದೆವಾದರೆ, ನಾವು ಕಲ್ಲು ಗಾರೆಗಳ ಹುಟ್ಟುಹಬ್ಬವನ್ನು ಆಚರಿಸಿದಂತಾದೀತೇ ಹೊರತು ಧರ್ಮಸಭೆಯ ಹಬ್ಬವನ್ನಲ್ಲ.

ಈ ಪ್ರಶ್ನೆಗೆ ಉತ್ತರ ಹುಡುಕಲು ನಮ್ಮ ಕನ್ನಡ ಭಾಷೆಯೇ ನೆರವಾಗುತ್ತದೆ. ಕಟ್ಟಡವನ್ನು ನಾವು ದೇವಾಲಯ ಎನ್ನುತ್ತೇವೆ. ಅದರಲ್ಲಿ ಕೂಡುವ ವಿಶ್ವಾಸಿಗಳ ಸಮುದಾಯವನ್ನು ಧರ್ಮಸಭೆ ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಎರಡಕ್ಕೂ ಚರ್ಚ್ ಎಂಬ ಒಂದೇ ಪದ. ಕರಾವಳಿಯ ನಮ್ಮ ಬಂಧುಗಳು ದೇವಾಲಯವನ್ನು ಇಗರ್ಜಿ ಎಂದು ಕರೆಯುತ್ತಾರೆ. ಪೋರ್ಚುಗೀಸರಿಂದ ಬಂದ ಈ ಪದದ ಮೂಲ ಗ್ರೀಕಿನ ಎಕ್ಲೇಸಿಯ. ಅದರ ಅರ್ಥ ಕರೆಯಲ್ಪಟ್ಟು ನೆರೆದ ಜನ. ಹೀಗೆ ಕಟ್ಟಡಕ್ಕೆ ಸಂದ ಹೆಸರೂ ಮೂಲದಲ್ಲಿ ಜನರದೇ. ಆದುದರಿಂದ ಇಲ್ಲಿ ನೂರು ವರ್ಷ ತುಂಬಿರುವುದು ದೇವರಿಂದ ಕರೆಯಲ್ಪಟ್ಟ ಒಂದು ಜನಸಮೂಹಕ್ಕೆ.

ಈ ಸಮೂಹದ ಸ್ವರೂಪವೇನು? ಇದೊಂದು ಸಂಘವೇ? ಒಂದು ಜಾತಿಯೇ? ಹುಟ್ಟು, ಮದುವೆ, ಸಾವುಗಳನ್ನು ದಾಖಲಿಸುವ ಒಂದು ಕಚೇರಿಯೇ? ಧರ್ಮಸಭೆ ತನ್ನನ್ನು ಕುರಿತು ಕೊಡುವ ಉತ್ತರ ಬೇರೆ. ತಾನು ಕ್ರಿಸ್ತನಲ್ಲಿ ಒಂದು ಸಂಸ್ಕಾರದಂತೆ ಇದ್ದೇನೆ ಎನ್ನುತ್ತದೆ ಅದು. ಈ ಸಂಜೆ ನಾವು ಕೂಡಿ ಚಿಂತಿಸಬೇಕಾದುದು ಈ ಮಾತನ್ನೇ.

ಸಂಸ್ಕಾರ ಎಂದರೇನು?

ಸಂಸ್ಕಾರ ನಮ್ಮ ನಾಡಿನಲ್ಲಿ ಬಹು ಹಳೆಯ ಪದ. ನಮ್ಮ ಹಿಂದೂ ಸಹೋದರರು ಗರ್ಭಾಧಾನದಿಂದ ಅಂತ್ಯೇಷ್ಟಿಯವರೆಗೆ ಷೋಡಶ ಸಂಸ್ಕಾರಗಳನ್ನು ಎಣಿಸುತ್ತಾರೆ. ಒರಟಾದುದನ್ನು ಶುದ್ಧಗೊಳಿಸುವುದು, ಯೋಗ್ಯವಾಗಿಸುವುದು ಎಂಬುದು ಆ ಪದದ ಭಾವ. ನಮ್ಮ ಹಿರಿಯರು ಅದೇ ಪದವನ್ನು ಆರಿಸಿಕೊಂಡು ಅದಕ್ಕೆ ಇನ್ನೊಂದು ಅರ್ಥವನ್ನೂ ತುಂಬಿದರು. ಗ್ರೀಕ್ ಶುಭಸಂದೇಶ ಗ್ರಂಥಗಳಲ್ಲಿಯೂ ಸಂತ ಪೌಲನ ಪತ್ರಗಳಲ್ಲಿಯೂ ಬರುವ ಮೂಲಪದ ಮಿಸ್ತೇರಿಯೋನ್: ದೇವರ ಹೃದಯದಲ್ಲಿ ಅಡಗಿದ್ದು ಕ್ರಿಸ್ತನಲ್ಲಿ ಬಯಲಾದ ರಹಸ್ಯ. ಲತೀನಿನಲ್ಲಿ ಅದಕ್ಕೆ ಸಕ್ರಮೆಂತುಂ ಎಂಬ ಪದ ಬಳಕೆಗೆ ಬಂತು. ರೋಮನ್ ಸೈನಿಕನು ಪಡೆಗೆ ಸೇರುವಾಗ ಮಾಡುತ್ತಿದ್ದ ಪ್ರಮಾಣಕ್ಕೆ ಅದೇ ಹೆಸರು. ಸುಮಾರು 200ನೆಯ ಇಸವಿಯಲ್ಲಿ ಆಫ್ರಿಕದ ಕಾರ್ಥೇಜಿನ ತೆರ್ತುಲ್ಲಿಯನನು ಆ ಪ್ರಮಾಣವನ್ನು ಜ್ಞಾನಸ್ನಾನದ ಪ್ರತಿಜ್ಞೆಗೆ ಹೋಲಿಸಿದನು. ಹೀಗೆ ರಹಸ್ಯ, ಪ್ರತಿಜ್ಞೆ, ಪರಿಷ್ಕಾರ ಎಂಬ ಮೂರು ಹೊಳೆಗಳು ನಮ್ಮ ಒಂದು ಪದದಲ್ಲಿ ಕೂಡಿವೆ.

ಧರ್ಮೋಪದೇಶದ ತರಗತಿಯಲ್ಲಿ ನಾವೆಲ್ಲರೂ ಕಲಿತ ಪಾಠವೆಂದರೆ, ಸಂಸ್ಕಾರವು ಅದೃಶ್ಯವಾದ ವರಪ್ರಸಾದದ ದೃಶ್ಯವಾದ ಗುರುತು ಎಂಬುದು. ಅದು ಸರಿಯಾದ ಪಾಠವೇ. ಆದರೆ ಅರ್ಧ ಪಾಠ. ಊರ ದಾರಿಯಲ್ಲಿ ನೆಟ್ಟ ಕೈಮರವೂ ಒಂದು ಗುರುತು. ಅದು ಊರನ್ನು ತೋರಿಸುತ್ತದೆ, ಆದರೆ ನಮ್ಮನ್ನು ಊರಿಗೆ ಕರೆದೊಯ್ಯಲಾರದು. ಸಂಸ್ಕಾರ ಅಂತಹ ಗುರುತಲ್ಲ. ತಾಯಿ ಮಗುವಿಗೆ ಕೊಡುವ ಕೈತುತ್ತನ್ನು ನೆನೆಯಿರಿ. ಆ ತುತ್ತು ತಾಯಿಯ ಪ್ರೀತಿಯನ್ನು ತೋರಿಸುತ್ತದೆ. ಅದೇ ಗಳಿಗೆಯಲ್ಲಿ ಮಗುವಿನ ಹಸಿವನ್ನೂ ಹಿಂಗಿಸುತ್ತದೆ. ಪ್ರೀತಿ ಬೇರೆ, ತುತ್ತು ಬೇರೆ ಎಂದು ಮಗು ವಿಂಗಡಿಸುವುದಿಲ್ಲ. ಸಂಸ್ಕಾರವೂ ಹಾಗೆಯೇ. ಅದು ಏನನ್ನು ಸೂಚಿಸುತ್ತದೋ ಅದನ್ನೇ ನೆರವೇರಿಸುತ್ತದೆ. ಗುರುತೂ ಹೌದು, ಸಾಧನವೂ ಹೌದು.

ಏಳಕ್ಕೆ ಮೂಲವಾದ ಒಂದು

ಏಳು ಸಂಸ್ಕಾರಗಳ ಪಟ್ಟಿ 12ನೆಯ ಶತಮಾನದಲ್ಲಿ, ವಿಶೇಷವಾಗಿ ಪ್ಯಾರಿಸಿನ ಪೇತ್ರ ಲೊಂಬಾರ್ದನ ಗ್ರಂಥದ ಮೂಲಕ, ಸ್ಥಿರಗೊಂಡಿತು. 1547ರಲ್ಲಿ ತ್ರೆಂತ್ ಮಹಾಸಭೆಯು ಅವು ಏಳೇ, ಹೆಚ್ಚೂ ಅಲ್ಲ ಕಡಮೆಯೂ ಅಲ್ಲ, ಕ್ರಿಸ್ತನಿಂದಲೇ ಸ್ಥಾಪಿತವಾದವು ಎಂದು ದೃಢವಾಗಿ ಘೋಷಿಸಿತು. ಆ ಘೋಷಣೆ ಅಂದು ಅಗತ್ಯವಾಗಿತ್ತು. ಇಂದಿಗೂ ಅದು ನಮ್ಮ ವಿಶ್ವಾಸ. ಆದರೆ ಕಾಲಕ್ರಮದಲ್ಲಿ ಸಾಮಾನ್ಯ ಬೋಧನೆಯಲ್ಲಿ ಒಂದು ಕೊರತೆ ನುಸುಳಿತು. ಏಳು ಸಂಸ್ಕಾರಗಳು ಏಳು ನಲ್ಲಿಗಳಂತೆಯೂ ಧರ್ಮಸಭೆ ಆ ನಲ್ಲಿಗಳನ್ನು ಕಾಯುವ ಸಂಸ್ಥೆಯಂತೆಯೂ ಜನರ ಮನಸ್ಸಿನಲ್ಲಿ ಉಳಿದವು. ಬಂದವರು ತಮ್ಮ ಕೊಡ ತುಂಬಿಕೊಂಡು ತಮ್ಮ ಮನೆಗೆ ಹೋಗುವುದು. ಪಕ್ಕದ ಕೊಡದ ಗೊಡವೆ ಯಾರಿಗೂ ಬೇಡ.

ಆದಿ ಧರ್ಮಸಭೆಯ ಪಿತೃಗಳು ಹೀಗೆ ಬಗೆದಿರಲಿಲ್ಲ. 258ರಲ್ಲಿ ರಕ್ತಸಾಕ್ಷಿಯಾದ ಕಾರ್ಥೇಜಿನ ಧರ್ಮಾಧ್ಯಕ್ಷ ಸಂತ ಸಿಪ್ರಿಯಾನನು ಧರ್ಮಸಭೆಯನ್ನೇ ಏಕತೆಯ ಸಂಸ್ಕಾರವೆಂದು ಕಂಡನು. ಶಿಲುಬೆಯ ಮೇಲೆ ಯೇಸುಸ್ವಾಮಿಯ ಪಕ್ಕೆಯಿಂದ ರಕ್ತವೂ ನೀರೂ ಹರಿದುವೆಂದು ಸಂತ ಯೊವಾನ್ನನು ಬರೆಯುತ್ತಾನಲ್ಲವೇ? ಪಿತೃಗಳು ಆ ನೀರಿನಲ್ಲಿ ಜ್ಞಾನಸ್ನಾನವನ್ನೂ ಆ ರಕ್ತದಲ್ಲಿ ಪರಮಪ್ರಸಾದವನ್ನೂ ಕಂಡರು. ನಿದ್ರಿಸಿದ್ದ ಆದಾಮನ ಪಕ್ಕೆಯಿಂದ ಹವ್ವಳು ಉಂಟಾದಂತೆ, ಮೃತನಾದ ಕ್ರಿಸ್ತನ ಪಕ್ಕೆಯಿಂದ ಧರ್ಮಸಭೆ ಹುಟ್ಟಿತೆಂದು ಬೋಧಿಸಿದರು.

ಮರೆಯಾಗಿದ್ದ ಈ ದೃಷ್ಟಿಯನ್ನು 20ನೆಯ ಶತಮಾನದ ದೈವಶಾಸ್ತ್ರಜ್ಞರು ಮತ್ತೆ ಬೆಳಕಿಗೆ ತಂದರು. 1938ರಲ್ಲಿ ಫ್ರಾನ್ಸಿನ ಆನ್ರಿ ದ ಲ್ಯುಬಾಕ್, 1953ರಲ್ಲಿ ಜರ್ಮನಿಯ ಒಟ್ಟೊ ಸೆಮ್ಮೆಲ್‌ರೋತ್, ಅವರ ಬಳಿಕ ಕಾರ್ಲ್ ರಾಹ್ನರ್ ಇದನ್ನು ವಿಸ್ತರಿಸಿ ಬರೆದರು. ಮೂವರೂ ಯೇಸುಸಭೆಯ ಗುರುಗಳು. ಕೊನೆಗೆ 1964ರ ನವೆಂಬರ್ 21ರಂದು ಎರಡನೆಯ ವ್ಯಾಟಿಕನ್ ಮಹಾಸಭೆಯು ಧರ್ಮಸಭೆಯನ್ನು ಕುರಿತ ತನ್ನ ಸಂವಿಧಾನದ ಮೊದಲ ಖಂಡಿಕೆಯಲ್ಲಿಯೇ ಇದನ್ನು ಅಧಿಕೃತ ಬೋಧನೆಯಾಗಿ ಸಾರಿತು. ಅದರ ಸಾರವಿಷ್ಟು: ಧರ್ಮಸಭೆಯು ಕ್ರಿಸ್ತನಲ್ಲಿ ಒಂದು ಸಂಸ್ಕಾರದಂತಿದೆ. ಮಾನವನು ದೇವರೊಡನೆ ಪಡೆಯುವ ಆಪ್ತ ಐಕ್ಯಕ್ಕೂ, ಮನುಕುಲವೆಲ್ಲವೂ ತನ್ನೊಳಗೆ ಪಡೆಯುವ ಏಕತೆಗೂ ಅದು ಗುರುತು ಮತ್ತು ಸಾಧನ.

ಈ ಬೋಧನೆಯಲ್ಲಿ ಎರಡು ಎಚ್ಚರಿಕೆಗಳಿವೆ. ಮೊದಲನೆಯದು, ಧರ್ಮಸಭೆ ಎಂಟನೆಯ ಸಂಸ್ಕಾರವಲ್ಲ. ಏಳು ಕೊಂಬೆಗಳಿರುವ ಮರದಲ್ಲಿ ಕಾಂಡವನ್ನು ಎಂಟನೆಯ ಕೊಂಬೆಯೆಂದು ಯಾರೂ ಎಣಿಸುವುದಿಲ್ಲ. ಕಾಂಡವಿಲ್ಲದೆ ಕೊಂಬೆಗಳೂ ಇಲ್ಲ. ಆ ಕಾಂಡದ ಬೇರು ಸ್ವತಃ ಕ್ರಿಸ್ತನು. ಆತನೇ ತಂದೆಯ ಮೂಲ ಸಂಸ್ಕಾರ. ಕಾಣದ ದೇವರ ಕಾಣುವ ಮುಖ. ಎರಡನೆಯದು, ಮಹಾಸಭೆಯು ಕ್ರಿಸ್ತನಲ್ಲಿ ಎಂಬ ಪದವನ್ನು ಬಿಟ್ಟು ಮಾತನಾಡಿಲ್ಲ. 4ನೆಯ ಶತಮಾನದಲ್ಲಿ ಮಿಲಾನಿನ ಸಂತ ಅಂಬ್ರೋಸನು ಧರ್ಮಸಭೆಯನ್ನು ಚಂದ್ರನಿಗೆ ಹೋಲಿಸಿದನು. ಚಂದ್ರನಿಗೆ ಸ್ವಂತ ಬೆಳಕಿಲ್ಲ. ಸೂರ್ಯನಿಂದ ಪಡೆದುದನ್ನು ಅದು ಇರುಳಿಗೆ ಕೊಡುತ್ತದೆ. ಅದರಲ್ಲಿ ಕಲೆಗಳೂ ಇವೆ, ಕೃಷ್ಣಪಕ್ಷವೂ ಇದೆ. ಪವಿತ್ರವಾದ ಧರ್ಮಸಭೆಗೆ ನಿರಂತರ ಶುದ್ಧೀಕರಣ ಬೇಕೆಂದು ಮಹಾಸಭೆಯೇ ಒಪ್ಪಿಕೊಂಡಿದೆ. ಆದುದರಿಂದ ಧರ್ಮಸಭೆಯನ್ನು ಸಂಸ್ಕಾರವೆಂದು ಕರೆಯುವುದು ನಮ್ಮ ಬೆನ್ನು ನಾವೇ ತಟ್ಟಿಕೊಳ್ಳುವ ಮಾತಲ್ಲ. ಅದು ನಮ್ಮ ಹೆಗಲಿಗೇರಿದ ಹೊಣೆ.

ಈ ಬೆಳಕಿನಲ್ಲಿ ನಮ್ಮ ಸಂಸ್ಕಾರಗಳು

ಹೀಗೆ ನೋಡಿದಾಗ ಯಾವ ಸಂಸ್ಕಾರವೂ ಒಬ್ಬನ ಖಾಸಗಿ ವಿಷಯವಾಗಿ ಉಳಿಯದು. ಜ್ಞಾನಸ್ನಾನದಲ್ಲಿ ಮಗುವನ್ನು ಬಾಗಿಲಲ್ಲಿ ಎದುರುಗೊಂಡು ಹೆಸರು ಕೇಳಿ ಒಳಗೆ ಕರೆತರುವುದು ಇಡೀ ಸಮುದಾಯ. ದೃಢೀಕರಣದಲ್ಲಿ ಆ ಸದಸ್ಯನು ಸಾಕ್ಷಿಯ ಹೊಣೆ ಹೊರುತ್ತಾನೆ. ಗುರುದೀಕ್ಷೆಯಲ್ಲಿ ಸಮುದಾಯದ ಸೇವೆಗೆಂದು ಒಬ್ಬನು ಪ್ರತ್ಯೇಕಿಸಲ್ಪಡುತ್ತಾನೆ. ವಿವಾಹದಲ್ಲಿ, ನಮ್ಮ ಲತೀನ್ ಧರ್ಮಸಭೆಯ ಬೋಧನೆಯಂತೆ, ವಧೂವರರೇ ಪರಸ್ಪರರಿಗೆ ಸಂಸ್ಕಾರವನ್ನು ನೀಡುತ್ತಾರೆ. ಗುರುವು ಧರ್ಮಸಭೆಯ ಪರವಾಗಿ ಸಾಕ್ಷಿ. ಅಂದಿನಿಂದ ಅವರ ಅಡುಗೆಮನೆಯೂ ಜಗಲಿಯೂ ಒಂದು ಪುಟ್ಟ ಧರ್ಮಸಭೆಯ ಅಂಗಗಳು. ಪಾಪನಿವೇದನೆಯನ್ನು ಕುರಿತು ಹಲವರು, ದೇವರಿಗೆ ನೇರವಾಗಿ ಹೇಳಿಕೊಂಡರೆ ಸಾಲದೇ, ಗುರುವೇಕೆ ಎಂದು ಕೇಳುತ್ತಾರೆ. ನಮ್ಮ ಪಾಪ ದೇವರನ್ನು ಮಾತ್ರ ನೋಯಿಸುವುದಿಲ್ಲ, ಧರ್ಮಸಭೆಯ ದೇಹವನ್ನೂ ಗಾಯಗೊಳಿಸುತ್ತದೆ. ಆದುದರಿಂದ ಕ್ಷಮೆಯ ಮಾತು ಆ ದೇಹದ ಬಾಯಿಯಿಂದಲೇ ನಮ್ಮ ಕಿವಿಗೆ ಬೀಳಬೇಕು.

ರೋಗಿಗಳ ಅಭ್ಯಂಗವನ್ನು ಕುರಿತು ಸ್ವಲ್ಪ ದೀರ್ಘವಾಗಿ ಹೇಳಬೇಕಾಗಿದೆ. ಹಿಂದೆ ಅದಕ್ಕೆ ಅಂತ್ಯಾಭ್ಯಂಗ ಎಂಬ ಹೆಸರಿತ್ತು. ಆ ಹೆಸರಿನ ಭಯ ನಮ್ಮ ಮನೆಗಳನ್ನು ಇನ್ನೂ ಬಿಟ್ಟಿಲ್ಲ. ಗುರುಗಳು ಎಣ್ಣೆ ಹಿಡಿದು ಹೊಸ್ತಿಲು ದಾಟಿದರೆ ರೋಗಿ ಎದೆಗುಂದುತ್ತಾನೆ ಎಂದು ಮನೆಯವರು ತಡಮಾಡುತ್ತಾರೆ. ವೈದ್ಯರು ಕೈಚೆಲ್ಲಿದ ಮೇಲೆ, ಪ್ರಜ್ಞೆ ಹೋದ ಮೇಲೆ, ಹಲವೊಮ್ಮೆ ಉಸಿರೂ ನಿಂತ ಮೇಲೆ ಕರೆ ಬರುತ್ತದೆ. ಸಂತ ಯಕೋಬನು ತನ್ನ ಪತ್ರದ 5ನೆಯ ಅಧ್ಯಾಯದಲ್ಲಿ ಹೇಳುವುದು ಸತ್ತವರ ವಿಷಯವನ್ನಲ್ಲ, ಅಸ್ವಸ್ಥರ ವಿಷಯವನ್ನು; ರೋಗಿ ತಾನೇ ಸಭೆಯ ಹಿರಿಯರನ್ನು ಕರೆಸಿಕೊಳ್ಳಬೇಕು ಎಂಬುದು ಅಲ್ಲಿನ ಮಾತು. 1972ರಲ್ಲಿ ಜಗದ್ಗುರು ಸಂತ ಆರನೆಯ ಪೌಲರು ಈ ಸಂಸ್ಕಾರದ ವಿಧಿಯನ್ನು ನವೀಕರಿಸಿದಾಗ ಈ ಅರ್ಥವನ್ನೇ ಸ್ಪಷ್ಟಪಡಿಸಿದರು. ತೀವ್ರ ಕಾಯಿಲೆಯವರು, ದೊಡ್ಡ ಶಸ್ತ್ರಚಿಕಿತ್ಸೆಗೆ ಹೋಗುವವರು, ವಯಸ್ಸಿನಿಂದ ಬಲ ಕುಂದಿದವರು ಎಲ್ಲರೂ ಇದನ್ನು ಪಡೆಯಬಹುದು. ಹಾಸಿಗೆ ಹಿಡಿದವನಿಗೆ ಎಲ್ಲಕ್ಕಿಂತ ಹೆಚ್ಚಿನ ನೋವು ಯಾವುದು? ತಾನಿನ್ನು ಯಾರಿಗೂ ಬೇಡವಾದವನು ಎಂಬ ಭಾವನೆ. ಅವನ ಹಣೆಗೂ ಕೈಗಳಿಗೂ ತೈಲ ಹಚ್ಚುವಾಗ ಧರ್ಮಸಭೆ ಅವನಿಗೆ ಹೇಳುವುದು, ನೀನು ನಮ್ಮವನು, ನಿನ್ನ ನೋವು ಕ್ರಿಸ್ತನ ನೋವಿನೊಡನೆ ಕೂಡಿ ನಮ್ಮೆಲ್ಲರ ಆಸ್ತಿಯಾಗಿದೆ ಎಂದು. ಈ ಮಾತನ್ನು ಕೇಳಿಸಿಕೊಳ್ಳಲು ಅವನಿಗೆ ಎಚ್ಚರವಿರಬೇಡವೇ?

ಇನ್ನು ಪರಮಪ್ರಸಾದ. ಏಳು ಸಂಸ್ಕಾರಗಳ ಕೇಂದ್ರ ಇದೇ. ಹೊಲದಲ್ಲಿ ಚದುರಿದ್ದ ಕಾಳುಗಳು ಬೀಸಿ, ನಾದಿ, ಬೆಂದು ಒಂದೇ ರೊಟ್ಟಿಯಾಗುತ್ತವೆ. ಸಂತ ಅಗಸ್ತೀನನು ಹೊಸದಾಗಿ ಜ್ಞಾನಸ್ನಾನ ಪಡೆದವರಿಗೆ ಈ ಹೋಲಿಕೆಯನ್ನೇ ವಿವರಿಸಿ, ಬಲಿಪೀಠದ ಮೇಲೆ ಇರುವುದು ನಿಮ್ಮದೇ ರಹಸ್ಯವೆಂದು ತಿಳಿಸಿದನು. ಕ್ರಿಸ್ತನ ಶರೀರವನ್ನು ಸ್ವೀಕರಿಸುವ ನಾವು ಕ್ರಿಸ್ತನ ಶರೀರವಾಗುತ್ತೇವೆ. ನಾಲಿಗೆಯ ಮೇಲೆ ಅಥವಾ ಅಂಗೈಯಲ್ಲಿ ಪ್ರಸಾದವನ್ನು ಸ್ವೀಕರಿಸುವಾಗ ನಾವು ಹೇಳುವ ಆಮೆನ್ ಎಂಬ ಒಂದು ಪದ, ಯೇಸುವಿಗೂ ನಮ್ಮ ಹಿಂದೆ ಸಾಲಿನಲ್ಲಿ ನಿಂತಿರುವ ನೆರೆಯವನಿಗೂ ಒಟ್ಟಿಗೇ ಕೊಡುವ ಒಪ್ಪಿಗೆ.

ಗುರುಗಳಿಲ್ಲದೆ ಕಳೆದ ಕಾಲ

ಧರ್ಮಸಭೆಯೇ ಸಂಸ್ಕಾರವೆಂಬ ಮಾತು ಪುಸ್ತಕದ ಮಾತಷ್ಟೇ ಅಲ್ಲ ಎಂಬುದಕ್ಕೆ ಇತಿಹಾಸದಲ್ಲಿ ದೊಡ್ಡ ನಿದರ್ಶನವಿದೆ. 1549ರಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರರು ಜಪಾನಿಗೆ ಶುಭಸಂದೇಶವನ್ನು ಕೊಂಡೊಯ್ದರು. 1614ರಲ್ಲಿ ಅಲ್ಲಿನ ಆಡಳಿತವು ಕ್ರೈಸ್ತ ಧರ್ಮವನ್ನು ದೇಶದಾದ್ಯಂತ ನಿಷೇಧಿಸಿತು. ದೇವಾಲಯಗಳು ನೆಲಸಮವಾದವು. 1644ರಲ್ಲಿ ಅಲ್ಲಿ ಉಳಿದಿದ್ದ ಕೊನೆಯ ಗುರುವೂ ರಕ್ತಸಾಕ್ಷಿಯಾದ ಮೇಲೆ ಪೂಜೆಯಿಲ್ಲ, ಪಾಪನಿವೇದನೆಯಿಲ್ಲ, ಪರಮಪ್ರಸಾದವಿಲ್ಲ. ಆದರೂ ನಾಗಸಾಕಿಯ ಸುತ್ತಣ ಹಳ್ಳಿಗಳ ರೈತರು, ಬೆಸ್ತರು ತಮ್ಮೊಳಗೆ ಕೆಲಸ ಹಂಚಿಕೊಂಡರು. ಒಬ್ಬನು ಹಬ್ಬಗಳ ಪಂಚಾಂಗವನ್ನು ಕಾಯುವುದು, ಇನ್ನೊಬ್ಬನು ಜ್ಞಾನಸ್ನಾನ ಕೊಡುವುದು, ಮತ್ತೊಬ್ಬನು ಮನೆಮನೆಗೆ ಸುದ್ದಿ ಮುಟ್ಟಿಸುವುದು. ಏಳು ತಲೆಮಾರು ಹೀಗೆ ಕಳೆಯಿತು.

1865ರ ಮಾರ್ಚ್ 17ರಂದು, ನಾಗಸಾಕಿಯಲ್ಲಿ ವಿದೇಶೀಯರಿಗಾಗಿ ಕಟ್ಟಿ ಕೆಲವೇ ವಾರಗಳ ಹಿಂದೆ ಪ್ರತಿಷ್ಠಾಪಿಸಿದ್ದ ಔರಾ ದೇವಾಲಯದ ಬಾಗಿಲಿಗೆ ಉರಕಾಮಿ ಹಳ್ಳಿಯ ಕೆಲವರು ಬಂದರು. ಅಲ್ಲಿದ್ದ ಫ್ರೆಂಚ್ ಗುರು ಬರ್ನಾರ್ ಪೆತಿಜಾನ್ ಅವರ ಬಳಿ ಒಬ್ಬ ಸ್ತ್ರೀ ಪಿಸುದನಿಯಲ್ಲಿ, ತಮ್ಮ ಹೃದಯವೂ ಅವರ ಹೃದಯವೂ ಒಂದೇ ಎಂದು ತಿಳಿಸಿ, ಮಾತೆ ಮರಿಯಳ ಪ್ರತಿಮೆ ಎಲ್ಲಿದೆ ಎಂದು ವಿಚಾರಿಸಿದಳು. ಈ ಪೆತಿಜಾನರು ಪ್ಯಾರಿಸ್ ವಿದೇಶೀ ಮಿಷನ್ ಸಂಸ್ಥೆಗೆ ಸೇರಿದವರು. 18ನೆಯ ಶತಮಾನದ ಕೊನೆಯಿಂದ ನಮ್ಮ ಮೈಸೂರು ಸೀಮೆಯಲ್ಲಿ ದುಡಿದವರೂ ಅದೇ ಸಂಸ್ಥೆಯ ಗುರುಗಳು. ಹಾಗಾಗಿ ಇದು ಎಲ್ಲೋ ದೂರದ ಕಥೆಯಲ್ಲ, ನಮ್ಮ ನೆಂಟರ ಮನೆಯ ಕಥೆ. ನಿಷೇಧ ಆಗಲೂ ತೊಲಗಿರಲಿಲ್ಲ. ಉರಕಾಮಿಯ ಮೂರು ಸಾವಿರಕ್ಕೂ ಹೆಚ್ಚು ಜನ ಗಡೀಪಾರಾದರು. 1873ರಲ್ಲಿ ಮಾತ್ರ ಅವರಿಗೆ ಬಿಡುಗಡೆ ದೊರೆಯಿತು.

ಈ ಜನರಿಂದ ನಾವು ಎರಡು ಪಾಠ ಕಲಿಯಬೇಕು. ಕಟ್ಟಡವಿಲ್ಲದಿದ್ದರೂ ಧರ್ಮಸಭೆ ಇತ್ತು, ಅವರೇ ಧರ್ಮಸಭೆ. ಆದರೆ ಗುರುಗಳಿಲ್ಲದೆಯೇ ಇಷ್ಟು ಕಾಲ ನಡೆಯಿತಲ್ಲ, ಇನ್ನು ಅವರೇಕೆ ಎಂದು ಅವರು ಹೇಳಲಿಲ್ಲ. ಪರಮಪ್ರಸಾದದ ಹಸಿವನ್ನು ತಂದೆ ಮಗನಿಗೆ, ಮಗ ಮೊಮ್ಮಗನಿಗೆ ಕೊಟ್ಟು ಹೋದರು. ದೇವಾಲಯದಿಂದ ಕೂಗಳತೆಯ ದೂರದಲ್ಲಿದ್ದೂ ಭಾನುವಾರದ ಪೂಜೆಗೆ ಬರಲು ಬೇಸರಪಡುವ ನಮಗೆ ಆ ಹಸಿವು ಇದೆಯೇ?

ನಮ್ಮ ನಾಡಿನಲ್ಲೇ ಇನ್ನೊಂದು ನೋಟವಿದೆ. ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯಲ್ಲಿ 19ನೆಯ ಶತಮಾನದಲ್ಲಿ ಫ್ರೆಂಚ್ ಗುರುಗಳು ಕಟ್ಟಿಸಿದ ಜಪಮಾಲೆ ಮಾತೆಯ ದೇವಾಲಯವು ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರಿಗೆ ಸಿಕ್ಕಿತು. 1979ರಲ್ಲಿ ಅಣೆಕಟ್ಟು ಪೂರ್ಣಗೊಂಡಿತು. ಮಳೆಗಾಲದಲ್ಲಿ ಗೋಡೆಗಳು ನೀರಿನಲ್ಲಿ ನಿಲ್ಲುತ್ತವೆ, ಬೇಸಗೆಯಲ್ಲಿ ಬಯಲಾಗುತ್ತವೆ. ಪ್ರವಾಸಿಗಳು ಚಿತ್ರ ತೆಗೆದುಕೊಂಡು ಹೋಗುತ್ತಾರೆ. ನೋಡಿದವರು ಧರ್ಮಸಭೆ ಮುಳುಗಿತೆಂದು ಮರುಗಬಹುದು. ಮುಳುಗಿದ್ದು ದೇವಾಲಯ. ಧರ್ಮಸಭೆ ಗಂಟುಮೂಟೆ ಹೊತ್ತು, ಮಕ್ಕಳನ್ನು ಕಂಕುಳಲ್ಲಿಟ್ಟುಕೊಂಡು, ಬೇರೆ ನೆಲಕ್ಕೆ ನಡೆದುಹೋಯಿತು.

ಗುರುತು ಸುಳ್ಳಾದರೆ

ಪ್ರಿಯರೇ, ಧರ್ಮಸಭೆ ಏಕತೆಯ ಗುರುತು ಎಂದೆವು. ಗುರುತೇ ಸುಳ್ಳಾಡಿದರೆ? ಕೊರಿಂಥದಲ್ಲಿ ಹಾಗಾಯಿತು. ಉಳ್ಳವರು ಮೊದಲೇ ಬಂದು ಉಂಡು ಕುಡಿದು ತೇಗುತ್ತಿದ್ದರು. ದುಡಿಮೆ ಮುಗಿಸಿ ತಡವಾಗಿ ಬಂದ ಬಡವರು ಹಸಿದೇ ಉಳಿಯುತ್ತಿದ್ದರು. ಅದೇ ಕೂಟದಲ್ಲಿ ಪ್ರಭುವಿನ ಭೋಜನವೂ ನಡೆಯುತ್ತಿತ್ತು. ನೀವು ಮಾಡುತ್ತಿರುವುದು ಪ್ರಭುವಿನ ಭೋಜನವೇ ಅಲ್ಲ ಎಂಬ ಅರ್ಥದಲ್ಲಿ ಸಂತ ಪೌಲನು ಅವರಿಗೆ ಕಠೋರವಾಗಿ ಬರೆದನು. ಸಂಸ್ಕಾರದಲ್ಲಿ ಕ್ರಿಸ್ತನು ತನ್ನ ಮಾತಿಗೆ ತಪ್ಪುವುದಿಲ್ಲ, ಪ್ರಸಾದವು ಪ್ರಸಾದವೇ. ಆದರೆ ನಾವು ಅದನ್ನು ನಮ್ಮ ತೀರ್ಪಿಗಾಗಿ ಉಂಡಂತಾಗುತ್ತದೆ.

ಕೊರಿಂಥ ದೂರದಲ್ಲಿದೆ ಎಂದು ನಾವು ನೆಮ್ಮದಿಯಿಂದಿರುವಂತಿಲ್ಲ. ದಕ್ಷಿಣ ಭಾರತದ ಕೆಲವೆಡೆ ಒಂದೇ ಜ್ಞಾನಸ್ನಾನ ಪಡೆದವರನ್ನು ಜಾತಿಯ ಹೆಸರಿನಲ್ಲಿ ಸಮಾಧಿಭೂಮಿಯಲ್ಲೂ ಗೋಡೆ ಕಟ್ಟಿ ಬೇರ್ಪಡಿಸಿದ ನಾಚಿಕೆಗೇಡು ನಡೆದಿದೆ. ನಮ್ಮಲ್ಲಿ ಗೋಡೆಯಿಲ್ಲ, ನಿಜ. ಆದರೆ ಸಂಬಂಧ ನೋಡುವಾಗ, ಊಟದ ಪಂಕ್ತಿ ಹಾಕುವಾಗ, ತೇರಿನ ಮೊದಲ ಹಗ್ಗ ಯಾರು ಹಿಡಿಯಬೇಕೆಂಬ ಮಾತು ಬಂದಾಗ ಕಾಣದ ಗೋಡೆಗಳು ಏಳುತ್ತವೆ. ಬದುವಿನ ಒಂದು ಅಡಿ ಜಾಗಕ್ಕಾಗಿ ವರ್ಷಗಟ್ಟಲೆ ಮಾತು ಬಿಟ್ಟ ಅಣ್ಣತಮ್ಮಂದಿರು ಒಂದೇ ಪೂಜೆಗೆ ಬಂದು, ಸಮಾಧಾನ ಕೋರುವ ಗಳಿಗೆಯಲ್ಲಿ ಒಬ್ಬರು ಎಡಕ್ಕೂ ಇನ್ನೊಬ್ಬರು ಬಲಕ್ಕೂ ತಿರುಗಿ ಕೈಜೋಡಿಸುವುದನ್ನು ನಾವು ಬಲಿಪೀಠದಿಂದ ಕಾಣುತ್ತೇವೆ. ಶಾಲೆಯ ಪ್ರವೇಶಕ್ಕೆ, ವಿದೇಶದ ಉದ್ಯೋಗಕ್ಕೆ ಪ್ರಮಾಣಪತ್ರ ಬೇಕಾದಾಗ ಮಾತ್ರ ಧರ್ಮಕೇಂದ್ರದ ನೆನಪಾಗುವ ಮನೆಗಳೂ ಇವೆ. ನಮ್ಮ ಅಕ್ಕಪಕ್ಕದ ಅನ್ಯಧರ್ಮೀಯ ಬಂಧುಗಳು ಮಹಾಸಭೆಯ ಸಂವಿಧಾನವನ್ನು ಓದುವುದಿಲ್ಲ. ಧರ್ಮಸಭೆ ಎಂದರೇನೆಂದು ಅವರು ಅರಿಯುವುದು ನಮ್ಮ ಜಗಳ ಮತ್ತು ನಮ್ಮ ರಾಜಿಗಳಿಂದ.

ಮೂರು ಸಂಕಲ್ಪಗಳು

ಈ ಉಪನ್ಯಾಸ ಮಾತಿನಲ್ಲೇ ಮುಗಿಯಬಾರದೆಂದು ಮೂರು ಸಂಕಲ್ಪಗಳನ್ನು ನಿಮ್ಮ ಮುಂದಿಡುತ್ತೇವೆ.

ಮೊದಲನೆಯದು: ನಮ್ಮ ಯಾವ ಮನೆಯಲ್ಲಿಯೂ ರೋಗಿಯ ಪ್ರಜ್ಞೆ ಹೋಗುವತನಕ ಗುರುಗಳನ್ನು ಕರೆಯದೆ ಕಾಯುವುದು ಬೇಡ. ಕರೆಯಲು ಹೊತ್ತುಗೊತ್ತು ನೋಡಬೇಡಿ. ಗುರುಗಳು ಬಂದಾಗ ನೆರೆಮನೆಯವರನ್ನೂ ಕರೆಯಿರಿ. ಹಾಸಿಗೆಯ ಸುತ್ತ ಧರ್ಮಸಭೆ ನಿಲ್ಲಲಿ.

ಎರಡನೆಯದು: ಬೆಂಗಳೂರಿಗೋ ದುಬೈಗೋ ದುಡಿಯಹೋದ ನಮ್ಮ ಮಕ್ಕಳು ಊರಹಬ್ಬಕ್ಕೆ ಮಾತ್ರ ಕ್ರೈಸ್ತರಾಗಿ ಉಳಿಯದಿರಲಿ. ಸಂಬಳ ಎಷ್ಟೆಂದು ಕೇಳುವ ತಂದೆತಾಯಿಗಳು, ಅಲ್ಲಿ ಯಾವ ದೇವಾಲಯಕ್ಕೆ ಹೋಗುತ್ತೀಯೆ ಎಂದೂ ಕೇಳಲಿ. ಧರ್ಮಸಭೆ ಎಲ್ಲೆಡೆಯೂ ಒಂದೇ; ಎಲ್ಲಿ ಬಲಿಪೀಠವಿದೆಯೋ ಅಲ್ಲಿ ಅವರಿಗೆ ಮನೆಯಿದೆ.

ಮೂರನೆಯದು ಕಷ್ಟದ್ದು. ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು, ಮೊದಲು ಸಹೋದರನೊಡನೆ ಸಮಾಧಾನ ಮಾಡಿಕೊಂಡು ಬಾ ಎಂಬುದು ಪ್ರಭುವಿನ ಬೋಧನೆ. ಶತಮಾನೋತ್ಸವದ ಸಮಾರೋಪಕ್ಕೆ ಇನ್ನೂ ಕೆಲವು ವಾರಗಳಿವೆ. ಮುನಿಸಿಕೊಂಡ ಮನೆಗಳು ಯಾವುವೆಂದು ನಿಮಗೂ ಗೊತ್ತು, ನಮಗೂ ಗೊತ್ತು. ಹೆಸರು ಹೇಳುವುದು ಬೇಡ. ಯಾರು ಮೊದಲು ಹೊಸ್ತಿಲು ದಾಟುತ್ತಾರೋ ಅವರೇ ಈ ಉತ್ಸವದ ಮೊದಲ ದೀಪವನ್ನು ಹಚ್ಚಿದವರು. ಬೇಕಿದ್ದರೆ ನಾವೂ ಜೊತೆಗೆ ಬರುತ್ತೇವೆ.

ನೂರು ವರ್ಷಗಳ ಹಿಂದೆ ಇಲ್ಲಿ ನೆರೆದ ಕೆಲವೇ ಕುಟುಂಬಗಳ ಹಿರಿಯರು ಇಂದು ಸಮಾಧಿಭೂಮಿಯಲ್ಲಿ ವಿಶ್ರಮಿಸುತ್ತಿದ್ದಾರೆ. ಅವರಿಗೆ ಅರ್ಥವಾಗದ ಲತೀನಿನಲ್ಲಿ ಪೂಜೆ ನಡೆಯುತ್ತಿದ್ದರೂ, ಮಂಡಿಯೂರಿ, ಜಪಮಾಲೆ ಹಿಡಿದು, ಮನೆಯಲ್ಲಿ ಸಂಜೆಯ ಪ್ರಾರ್ಥನೆ ತಪ್ಪಿಸದೆ ಅವರು ಈ ದೀಪವನ್ನು ಕಾಯ್ದರು. ನಮಗೆ ನಮ್ಮ ನುಡಿಯಲ್ಲೇ ಪೂಜೆ ದೊರೆತಿದೆ, ದೇವವಾಕ್ಯ ಕೈಯಲ್ಲಿದೆ. ಹೆಚ್ಚು ಪಡೆದವರಿಂದ ಹೆಚ್ಚು ಕೇಳಲಾಗುವುದು. ಇನ್ನು ನೂರು ವರ್ಷಗಳ ಬಳಿಕ ನಮ್ಮ ಮರಿಮೊಮ್ಮಕ್ಕಳು ಜ್ಞಾನಸ್ನಾನದ ದಾಖಲೆಪುಸ್ತಕವನ್ನು ತೆರೆದು ನಮ್ಮ ಹೆಸರುಗಳನ್ನು ಓದುವಾಗ, ಇವರು ಒಂದೇ ರೊಟ್ಟಿಯನ್ನು ಹಂಚಿಕೊಂಡು ಒಂದಾಗಿ ಬಾಳಿದವರು ಎಂದು ಹೇಳುವಂತಾಗಲಿ.

ಪಕ್ಕೆ ಇರಿಯಲ್ಪಟ್ಟು ನಮಗೆ ಜನ್ಮ ಕೊಟ್ಟ ಪ್ರಭುವು ನಮ್ಮನ್ನು ತನ್ನ ನಿಜವಾದ ಗುರುತಾಗಿ ಮಾಡಲಿ. ಧರ್ಮಸಭೆಯ ಮಾತೆಯಾದ ಮರಿಯಮ್ಮನವರು ನಮಗಾಗಿ ಬಿನ್ನವಿಸಲಿ. ಪಿತನ, ಸುತನ, ಪವಿತ್ರಾತ್ಮನ ಆಶೀರ್ವಾದ ನಿಮ್ಮೆಲ್ಲರ ಮೇಲೆ ಸದಾ ನೆಲೆಸಲಿ. ಆಮೆನ್.